ಮಾಷ್ಟ್ರ ಅಟ್ಟದ ಆಟಿಕೆಗಳು: ಒಂದು ಕ್ಲೇಮಿನ ಪೂರ್ತಿ ಕತೆ

ಮಳೆಗಾಲ ಶುರುವಾಗಿ ಎರಡು ವಾರ ಕಳೆದಿತ್ತು. ಬೆಳಗ್ಗೆ ಆರೂಕಾಲಕ್ಕೆ ಮಾಷ್ಟ್ರ ಫೋನು. "ಹಲಸಿನ ಮರದ ಗೆಲ್ಲು ಹಂಚಿನ ಮಾಡಿನ ಮೇಲೆ ಬಿದ್ದಿದೆ. ರಾತ್ರಿಯಿಡೀ ನೀರು. ಅಟ್ಟಕ್ಕೆ ಹತ್ತಿ ನೋಡಿದೆ. ನೀನೊಮ್ಮೆ ಬಾ ಮಾರಾಯ." ಅಷ್ಟು ಹೇಳಿ ಇಟ್ಟುಬಿಟ್ಟರು.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಇನ್ಶೂರೆನ್ಸ್ ಏಜೆಂಟ್. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ನನ್ನ ಹತ್ತಿರ ಬರುವುದರಲ್ಲಿ ಮುಕ್ಕಾಲು ಪಾಲು ಬೈಕು, ಜೀಪು, ಪಿಕಪ್ಪು. ಮನೆಗೆ ಇನ್ಶೂರೆನ್ಸ್ ಮಾಡಿಸುವವರು ಕಮ್ಮಿ. ಮಾಡಿಸಿದರೂ ಬ್ಯಾಂಕಿನ ಸಾಲಕ್ಕೆ ಬೇಕು ಅಂತ. ಆಟಿಕೆಗೆ ಇನ್ಶೂರೆನ್ಸ್ ಕೇಳಿದವರು ಇಷ್ಟು ವರ್ಷದಲ್ಲಿ ಮಾಷ್ಟ್ರು ಒಬ್ಬರೇ. ಆ ಒಂದು ಫೈಲನ್ನು ಇಲ್ಲಿ ಬಿಡಿಸಿ ಇಡುತ್ತಿದ್ದೇನೆ. ಅದರಲ್ಲಿ ನನ್ನದೂ ಒಂದು ತಪ್ಪು ಉಂಟು, ಅದನ್ನೂ ಮುಚ್ಚಿಡುವುದಿಲ್ಲ. ಮಾಷ್ಟ್ರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬೇಡ ಅಂದರು, ಹಾಕಿಲ್ಲ. ಕಂಪನಿಯ ಹೆಸರೂ ಬೇಡ.

ಅಟ್ಟದ ಸಂಸಾರ

ಮಾಷ್ಟ್ರು ಕನ್ನಡ ಮಾಧ್ಯಮದ ಶಾಲೆಯಲ್ಲಿ ಮೂವತ್ತೊಂದು ವರ್ಷ ಕಲಿಸಿದವರು. ನಾಲ್ಕನೇ ಕ್ಲಾಸಿನಲ್ಲಿ ನನಗೂ ಅವರೇ. ಭೂಮಿ ತಿರುಗುವುದನ್ನು ಹೇಳಿಕೊಡಲಿಕ್ಕೆ ಕಿಸೆಯಿಂದ ಬುಗುರಿ ತೆಗೆದು ಮೇಜಿನ ಮೇಲೆ ಬಿಟ್ಟಿದ್ದರು. ಅದು ಚನ್ನಪಟ್ಟಣದ್ದು, ಹಾಲೆ ಮರದ್ದು, ಅರಗಿನ ಬಣ್ಣದ್ದು. ಅದು ಇವತ್ತಿಗೂ ಉಂಟು. ರಿಜಿಸ್ಟರಿನಲ್ಲಿ ಒಂದನೇ ನಂಬರು ಅದಕ್ಕೇ.

ಈ ರಿಜಿಸ್ಟರಿನ ಬಗ್ಗೆ ಮೊದಲೇ ಹೇಳಬೇಕು. ಶಾಲೆಯಲ್ಲಿ ಉಪಯೋಗಕ್ಕೆ ಬಾರದೆ ಉಳಿದ ಹಾಜರಿ ಪುಸ್ತಕ. ಮಕ್ಕಳ ಹೆಸರು ಬರೆಯುವ ಜಾಗದಲ್ಲಿ ಆಟಿಕೆಗಳ ಹೆಸರು. ತಿಂಗಳ ಮೊದಲ ಭಾನುವಾರ ಮಾಷ್ಟ್ರು ಅಟ್ಟಕ್ಕೆ ಹತ್ತಿ ಹಾಜರಿ ತೆಗೆಯುತ್ತಿದ್ದರು. ಸುಮ್ನೆ ತಮಾಷೆಗಲ್ಲ, ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿ ಗುರುತು ಹಾಕುವುದು. ಎಲ್ಲಿಗಾದರೂ ಹೋಗಿದ್ದರೆ 'ಗೈರು'. ಚಕ್ರ ಸಡಿಲ, ಬಣ್ಣ ಎದ್ದಿದೆ ಅಂತ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಟಿಪ್ಪಣಿ. ಮೊಮ್ಮಕ್ಕಳು ರಜೆಗೆ ಬಂದು ಹೋದ ತಿಂಗಳಲ್ಲಿ ಗೈರು ಜಾಸ್ತಿ. ಇದು ಮುಂದೆ ಎಷ್ಟು ಉಪಯೋಗಕ್ಕೆ ಬಂತು ಅಂತ ನೋಡುವಿರಂತೆ.

ಒಟ್ಟು 612 ಆಟಿಕೆ. ಒಂದೇ ಜಾತಿಯವಲ್ಲ. ಮರದ್ದೇ ಇನ್ನೂರರ ಮೇಲೆ. ಚನ್ನಪಟ್ಟಣದವು, ಕೊಪ್ಪಳದ ಕಿನ್ನಾಳದವು, ಆಂಧ್ರದ ಕೊಂಡಪಲ್ಲಿ ಮತ್ತು ಏಟಿಕೊಪ್ಪಾಕದವು. ತಂಜಾವೂರಿನ ತಲೆಯಾಡಿಸುವ ಬೊಂಬೆ ಐದು. ಜಾತ್ರೆಯಲ್ಲಿ ಕೊಂಡ ತಗಡಿನ ಆಟಿಕೆಗಳು, ಅದರಲ್ಲಿ ಮೇಣದ ಬತ್ತಿ ಹಚ್ಚಿದರೆ ಬಕೆಟಿನ ನೀರಲ್ಲಿ ಟಪಟಪ ಅಂತ ಸುತ್ತುವ ದೋಣಿಯೇ ಏಳು. ಎರಡು ಹಳೆಯ ಚೆನ್ನೆಮಣೆ, ಮಂಜೊಟ್ಟಿ ಕಾಯಿಯ ಸಮೇತ. ಅಡಿಕೆ ಹಾಳೆಯಲ್ಲಿ ಮಾಡಿದ ಬಂಡಿಗಳು. ಮತ್ತೆ ನಾಲ್ಕು ಯಕ್ಷಗಾನದ ಸೂತ್ರದ ಬೊಂಬೆಗಳು, ತೆಂಕುತಿಟ್ಟಿನ ವೇಷದವು. ನಮ್ಮ ಕಾಸರಗೋಡಿನ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘದ ಆಟ ನೋಡಿ ಹುಚ್ಚು ಹಿಡಿದು, ಒಬ್ಬ ಆಚಾರಿಯಿಂದ ಮಾಡಿಸಿಕೊಂಡದ್ದು.

ಉಳಿದದ್ದು ಕಾರುಗಳು, ಬೆರಳುದ್ದದವು. ಇವು ಬಂದ ದಾರಿ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಎಷ್ಟೋ ಮನೆಗಳಿಂದ ಒಬ್ಬರಾದರೂ ಗಲ್ಫಿನಲ್ಲಿ. ಮಾಷ್ಟ್ರ ತಮ್ಮ ಶಾರ್ಜಾದಲ್ಲಿದ್ದವರು, ಊರಿಗೆ ಬರುವಾಗ ಮ್ಯಾಚ್‌ಬಾಕ್ಸ್, ಮಜೋರೆಟ್ ಕಂಪನಿಗಳ ಕಾರು ತರುತ್ತಿದ್ದರು. ದೊಡ್ಡವರಾದ ಶಿಷ್ಯರೂ ಮಾಷ್ಟ್ರಿಗೆ ಅಂತ ತಂದರು. ಹಾಗೇ ಸೇರಿತು. ಅದರ ಜೊತೆ ನಮ್ಮ ದೇಶದ್ದೇ ಆದ ಲಿಯೋ ಕಾರುಗಳು. 1980ರ ದಶಕದಲ್ಲಿ ಬ್ಲೋ ಪ್ಲಾಸ್ಟ್ ಕಂಪನಿ ಅಮೆರಿಕದ ಮ್ಯಾಟೆಲ್ ಜೊತೆ ಸೇರಿ ಹಾಟ್ ವೀಲ್ಸ್ ಕಾರುಗಳನ್ನು ಲಿಯೋ ಹೆಸರಿನಲ್ಲಿ ಇಲ್ಲೇ ಮಾಡಿಸುತ್ತಿತ್ತು. ಆಗ ಮಕ್ಕಳು ಮಣ್ಣಲ್ಲಿ ಓಡಿಸಿ ಬಿಸಾಡಿದವು. ಈಗ ಅವನ್ನು ಹುಡುಕುವವರು ಉಂಟು. ಡಬ್ಬಿ ಸಮೇತ ಇದ್ದರಂತೂ ಬೆಲೆಯೇ ಬೇರೆ.

ಪಾಲಿಸಿ ಬರೆದ ದಿನ

ಮಾಷ್ಟ್ರು ಮೊದಲು ಕೇಳಿದಾಗ ನಾನು ನಕ್ಕಿದ್ದೆ. "ಆಟಿಕೆಗೆಂತ ಇನ್ಶೂರೆನ್ಸ್ ಮಾಷ್ಟ್ರೇ?" ಅವರು ನಗಲಿಲ್ಲ. "ನಿನ್ನ ಬೈಕಿಗಿಂತ ಜಾಸ್ತಿ ಬೆಲೆ ಉಂಟು ಅದಕ್ಕೆ" ಅಂದರು. ಲೆಕ್ಕ ಹಾಕಿದಾಗ ಹೌದು ಅಂತ ಗೊತ್ತಾಯಿತು.

ಆಟಿಕೆಗೆ ಅಂತಲೇ ಬೇರೆ ಪಾಲಿಸಿ ನಾನು ಮಾರಿದ್ದೂ ಇಲ್ಲ, ನನ್ನ ಕಂಪನಿಯಲ್ಲಿ ಇದ್ದದ್ದೂ ಇಲ್ಲ. ಇದ್ದದ್ದು ಭಾರತ್ ಗೃಹ ರಕ್ಷಾ. 2021ರ ಏಪ್ರಿಲ್ 1ರಿಂದ ಶುರುವಾದದ್ದು. ಯಾವ ಕಂಪನಿ ಮಾರಿದರೂ ಮೂಲ ಒಕ್ಕಣೆ ಒಂದೇ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಗುಡ್ಡ ಕುಸಿತ, ನೀರಿನ ಟ್ಯಾಂಕಿ ಒಡೆಯುವುದು, ಇವೆಲ್ಲ ಸೇರುತ್ತವೆ. ಹಳೆಯ ಫೈರ್ ಪಾಲಿಸಿಯಲ್ಲಿ ಮನೆಯ ಮೊತ್ತ ಕಮ್ಮಿ ಬರೆದಿದ್ದರೆ ಕ್ಲೇಮನ್ನೂ ಅದೇ ಪ್ರಮಾಣದಲ್ಲಿ ಕತ್ತರಿಸುತ್ತಿದ್ದರು. ಇದರಲ್ಲಿ ಆ ಕತ್ತರಿ ಇಲ್ಲ. ಕಳ್ಳತನ ಮಾತ್ರ ಮೂಲ ಪಾಲಿಸಿಯಲ್ಲಿ ಸೇರುವುದಿಲ್ಲ. ಬಿರುಗಾಳಿಗೆ ಮಾಡು ಹಾರಿಹೋಗಿ, ಅದೇ ಕಾರಣದಿಂದ ಏಳು ದಿನದೊಳಗೆ ಕಳವಾದರೆ ಸೇರುತ್ತದೆ. ಬರೀ ಕಳ್ಳ ಬಂದರೆ ಅದಕ್ಕೆ ಬೇರೆ ರಕ್ಷಣೆ ತೆಗೆದುಕೊಳ್ಳಬೇಕು. ಇಟ್ಟದ್ದು ಎಲ್ಲಿ ಅಂತ ಮರೆತುಹೋದರೆ ಯಾರೂ ಕೊಡುವುದಿಲ್ಲ. ಮೊಮ್ಮಕ್ಕಳ ಕಿಸೆಗೆ ಹೋದ ಕಾರುಗಳಿಗೆ ಪರಿಹಾರ ಇಲ್ಲ ಅಂತ ಮಾಷ್ಟ್ರಿಗೆ ಆಗಲೇ ಹೇಳಿದ್ದೆ.

ಮನೆ ಮುರಕಲ್ಲಿನದು, ಹಂಚಿನ ಮಾಡು. ಇವತ್ತು ಹಾಗೆಯೇ ಕಟ್ಟಿಸಲು ಎಷ್ಟು ಖರ್ಚು ಅಂತ ನೋಡಿ 30 ಲಕ್ಷ ಹಾಕಿದೆವು. ಮನೆಯ ಜೊತೆ ಒಳಗಿನ ಸಾಮಾನಿಗೂ ಮಾಡಿಸಿದರೆ, ಆ ಮೊತ್ತದ 20 ಶೇಕಡಾ ತಾನಾಗಿಯೇ ಸಾಮಾನಿಗೆ ಸಿಗುತ್ತದೆ, ಹೆಚ್ಚೆಂದರೆ 10 ಲಕ್ಷದವರೆಗೆ. ಮಾಷ್ಟ್ರಿಗೆ ಹಾಗೆ 6 ಲಕ್ಷ ಬಂತು. ಅದಕ್ಕೆ ಪಟ್ಟಿ ಬೇಡ. ಮಂಚ, ಕಪಾಟು, ಫ್ರಿಜ್, ಬಟ್ಟೆಬರೆ ಎಲ್ಲ ಅದರೊಳಗೆ.

ಇನ್ನೊಂದು ಕಟ್ಟು ಬೇರೆ ಉಂಟು: ಬೆಲೆಬಾಳುವ ವಸ್ತುಗಳದ್ದು. ಒಡವೆ, ಬೆಳ್ಳಿ, ಚಿತ್ರ, ಕಲಾಕೃತಿ, ಹಳೆಯ ಅಪರೂಪದ ವಸ್ತು ಇಂಥವು. ಇದು ಬೇಕಾದರೆ ಕೇಳಿ ಹಾಕಿಸಿಕೊಳ್ಳಬೇಕು. ಪಟ್ಟಿ ಕೊಟ್ಟು, ಒಂದೊಂದಕ್ಕೆ ಇಷ್ಟು ಬೆಲೆ ಅಂತ ನಾವೂ ಕಂಪನಿಯೂ ಮೊದಲೇ ಒಪ್ಪಿಕೊಳ್ಳುವ ಲೆಕ್ಕ. ಒಟ್ಟು 5 ಲಕ್ಷದೊಳಗೆ, ಒಂದೊಂದು ವಸ್ತು 1 ಲಕ್ಷದೊಳಗೆ ಇದ್ದರೆ ಬೆಲೆ ಕಟ್ಟಿದವರ ಸರ್ಟಿಫಿಕೇಟು ಬೇಕಾಗಿಲ್ಲ. ನಮಗೆ ಇದು ದೊಡ್ಡ ಉಪಕಾರ. ಚಿನ್ನಕ್ಕಾದರೆ ಬೆಲೆ ಕಟ್ಟುವವರು ಸಿಗುತ್ತಾರೆ. ಕಿನ್ನಾಳದ ಗರುಡನಿಗೆ ಬೆಲೆ ಕಟ್ಟುವವರನ್ನು ಕಾಸರಗೋಡಿನಲ್ಲಿ ಎಲ್ಲಿಂದ ತರುವುದು?

ಆ ಪಟ್ಟಿಗೆ ಮಾಷ್ಟ್ರು 41 ವಸ್ತು ಆರಿಸಿದರು. ಕಿನ್ನಾಳದವಕ್ಕೆ ಬೆಂಗಳೂರಿನ ಕಾವೇರಿ ಎಂಪೋರಿಯಂನ ಬೆಲೆ, ಕೊಂಡಪಲ್ಲಿಯವಕ್ಕೆ ಲೇಪಾಕ್ಷಿಯದ್ದು, ತಂಜಾವೂರಿನವಕ್ಕೆ ಪೂಂಪುಹಾರ್‌ನದ್ದು. ಮಗಳು ಚೀಟಿಗಳನ್ನು ತರಿಸಿಕೊಟ್ಟಳು. ಸರಕಾರಿ ಎಂಪೋರಿಯಂನ ಚೀಟಿ ಅಂದರೆ ಕಂಪನಿಯವರು ಮರುಮಾತಾಡಲಿಲ್ಲ. ಸೂತ್ರದ ಬೊಂಬೆಗೆ ಆಚಾರಿಯ ಹತ್ತಿರ ಬರೆಸಿ ತಂದದ್ದು, ತಲಾ 15,000. ಎಲ್ಲ ಸೇರಿ 2,40,000.

ಕಾರುಗಳನ್ನೂ ಹಾಕುವಾ ಅಂತ ಮಾಷ್ಟ್ರು ಕೇಳಿದರು. ಆಗ ನಾನು ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿ ಉಂಟು. "ಅದು ಬೇಡ ಮಾಷ್ಟ್ರೇ, ಅಂಗಡಿಯ ಕಾರುಗಳಲ್ವಾ, 6 ಲಕ್ಷದ ಸಾಮಾನಿನಲ್ಲಿ ಬಂದೇ ಬರುತ್ತದೆ. ಮುನ್ನೂರು ಕಾರಿನ ಪಟ್ಟಿ ಟೈಪ್ ಮಾಡುವವರು ಯಾರು?" ನಿಜ ಹೇಳಬೇಕೆಂದರೆ ಕೊನೆಯ ವಾಕ್ಯವೇ ಅಸಲಿ ಕಾರಣ. ನನಗೆ ಉದಾಸೀನ.

ಗೆಲ್ಲು ಬಿದ್ದ ಮೇಲೆ

ನಾನು ಹೋಗಿ ತಲುಪುವಾಗ ಏಳೂವರೆ. ಅಟ್ಟದಲ್ಲಿ ಆಕಾಶ ಕಾಣುತ್ತಿತ್ತು. ಮಾಡಿನ ಮರದ ಪಕಾಸು ಎರಡು ತುಂಡಾಗಿ, ಹಂಚಿನ ಚೂರು ಕಪಾಟಿನ ಮೇಲೆಲ್ಲ. ಕಪಾಟಿನ ಗಾಜು ಒಡೆದಿತ್ತು. ಕೆಳಗಿನ ಎರಡು ಸಾಲು ನೀರಲ್ಲಿ ನಿಂತಿದ್ದವು. ಚನ್ನಪಟ್ಟಣದ ಬೊಂಬೆಗಳ ಅರಗಿನ ಹೊಳಪು ಅಲ್ಲಲ್ಲಿ ಬೆಳ್ಳಗಾಗಿತ್ತು, ಕಣ್ಣಿಗೆ ಪೊರೆ ಬಂದ ಹಾಗೆ. ಅರಗಿಗೆ ನೀರು ತುಂಬ ಹೊತ್ತು ತಾಗಿದರೆ ಹಾಗೆ. ಅದಾದರೂ ಪರವಾಗಿಲ್ಲ. ಕೊಂಡಪಲ್ಲಿಯವಕ್ಕೆ ಕೈಕಾಲು ಅಂಟಿಸುವುದು ಮರದ ಹುಡಿ ಮತ್ತು ಹುಣಸೆ ಬೀಜದ ಅಂಟಿನಲ್ಲಿ. ಅದು ನೀರು ಕುಡಿದು ಉಬ್ಬಿ ಬಿಟ್ಟುಕೊಂಡಿತ್ತು. ಆನೆಯ ಸೊಂಡಿಲು ಒಂದು ಕಡೆ, ಮಾವುತ ಇನ್ನೊಂದು ಕಡೆ.

ಮಾಷ್ಟ್ರು ಏನೂ ಹೇಳಲಿಲ್ಲ. ರಿಜಿಸ್ಟರ್ ಹಿಡಿದು ನಿಂತಿದ್ದರು. ಅದು ಕೆಳಗೆ ಮೇಜಿನ ಡ್ರಾಯರಿನಲ್ಲಿದ್ದದ್ದು ಪುಣ್ಯ.

ನಾನು ಮೊದಲು ಹೇಳಿದ್ದು ಒಂದೇ: ಯಾವುದನ್ನೂ ಎತ್ತಬೇಡಿ, ಮೊದಲು ಫೋಟೋ. ಕಪಾಟು ಇದ್ದ ಹಾಗೇ, ಒಡೆದ ಮಾಡು, ಬಿದ್ದ ಗೆಲ್ಲು, ಆಮೇಲೆ ಒಂದೊಂದೇ ಸಾಲು. ಅಲ್ಲಿಂದಲೇ ಕಂಪನಿಗೆ ಫೋನು ಮಾಡಿ ಕ್ಲೇಮ್ ನಂಬರು ತೆಗೆದುಕೊಂಡೆ. ಆಮೇಲೆ ಟಾರ್ಪಾಲು ಕಟ್ಟಿಸಿ, ಒದ್ದೆಯಾದವನ್ನೆಲ್ಲ ಕೆಳಗೆ ಇಳಿಸಿದೆವು. ಕ್ಲೇಮ್ ಕೊಟ್ಟಾಯಿತು ಅಂತ ಒದ್ದೆಯಲ್ಲೇ ಬಿಟ್ಟು ಕೂರುವ ಹಾಗಿಲ್ಲ. ಇನ್ನೂ ಹಾಳಾಗದ ಹಾಗೆ ನೋಡಿಕೊಳ್ಳುವುದು ನಮ್ಮ ಕೆಲಸ, ಪಾಲಿಸಿಯಲ್ಲೇ ಹಾಗೆ ಬರೆದಿರುತ್ತದೆ. ಜೂನ್ ತಿಂಗಳಲ್ಲಿ ಎಲ್ಲಿ ಒಣಗಿಸುವುದು? ಅಡಿಕೆ ಒಣಗಿಸುವ ಸೋಲಾರ್ ಗೂಡು ಖಾಲಿ ಇತ್ತು. ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಚಾಪೆ ಹಾಸಿ, ನಾಲ್ಕು ದಿಕ್ಕಿಗೆ ಫ್ಯಾನು ಇಟ್ಟು, ಆನೆ, ಕುದುರೆ, ಗರುಡ, ಕಾರು, ದೋಣಿ ಎಲ್ಲವನ್ನೂ ಸಾಲಾಗಿ ಇಟ್ಟೆವು. ಮರದವನ್ನು ಬಿಸಿಗೆ ಹಿಡಿಯಬಾರದು, ಸೀಳುತ್ತದೆ. ಆ ವಾರ ಬಿಸಿಲೇ ಇರಲಿಲ್ಲ, ಅದೂ ಒಳ್ಳೆಯದೇ ಆಯಿತು.

ಒಂದು ಎಡವಟ್ಟು ಆಗಿಯೇ ಹೋಯಿತು. ಕಾರುಗಳ ರಟ್ಟಿನ ಡಬ್ಬಿಗಳು ಹೆಚ್ಚಿನವು ಮುದ್ದೆಯಾಗಿದ್ದವು. ಅಕ್ಕ, ಅಂದರೆ ಮಾಷ್ಟ್ರ ಹೆಂಡತಿ, ಅಟ್ಟ ಗುಡಿಸುವಾಗ ಅದನ್ನೆಲ್ಲ ಬುಟ್ಟಿಯಲ್ಲಿ ತುಂಬಿ ಗೊಬ್ಬರದ ಗುಂಡಿಗೆ ಹಾಕಿಬಿಟ್ಟರು. ಅವರದ್ದೇನೂ ತಪ್ಪಿಲ್ಲ. ಒದ್ದೆ ರಟ್ಟನ್ನು ಯಾರು ಇಟ್ಟುಕೊಳ್ಳುತ್ತಾರೆ? ಆದರೆ ಸಂಗ್ರಹ ಮಾಡುವವರ ಲೆಕ್ಕದಲ್ಲಿ ಕಾರಿನ ಅರ್ಧ ಬೆಲೆ ಆ ಡಬ್ಬಿಯಲ್ಲೇ ಇರುವುದು. ನಾನು ಹೇಳಿದ್ದು 'ಆಟಿಕೆ ಎತ್ತಬೇಡಿ' ಅಂತ. ಡಬ್ಬಿಯ ಹೆಸರು ಎತ್ತಿರಲಿಲ್ಲ.

ವಿಲ್ಲೇಜ್ ಆಫೀಸಿನಿಂದಲೂ ಬಂದು ನೋಡಿ ಹೋದರು. ಗಾಳಿಮಳೆಗೆ ಮರದ ಗೆಲ್ಲು ಬಿದ್ದು ಮನೆಗೆ ಹಾನಿಯಾದದ್ದು ಹೌದು ಅಂತ ಒಂದು ವರದಿ, ಮಲಯಾಳದಲ್ಲಿ. ಅದರ ಮಹತ್ವ ಆಮೇಲೆ ತಿಳಿಯಿತು. ಗೆಲ್ಲು ಗೆದ್ದಲು ಹಿಡಿದು ತಾನಾಗಿ ಬಿದ್ದದ್ದಲ್ಲ, ಗಾಳಿಗೆ ಬಿದ್ದದ್ದು ಅನ್ನುವುದಕ್ಕೆ ಅದೇ ಸಾಕ್ಷಿ.

ಕಣ್ಣೂರಿನಿಂದ ಬಂದವರು

ನಾಲ್ಕನೇ ದಿನ ಹಾನಿಯ ಅಂದಾಜು ಮಾಡುವ ಸರ್ವೇಯರ್ ಬಂದರು, ಕಣ್ಣೂರಿನವರು. ಕನ್ನಡ ಬರುವುದಿಲ್ಲ. ಮಾಷ್ಟ್ರಿಗೆ ಮಲಯಾಳ ಚೆನ್ನಾಗಿ ಬರುತ್ತದೆ. ಆದರೆ ಆಟಿಕೆಯ ವಿಷಯ ಬಂದ ಕೂಡಲೇ ಅವರಿಗೆ ಕನ್ನಡವೇ ಬೇಕು. ಪಾಲಿಸಿ ಇಂಗ್ಲಿಷಿನಲ್ಲಿ, ವಿಲ್ಲೇಜಿನ ವರದಿ ಮಲಯಾಳದಲ್ಲಿ, ರಿಜಿಸ್ಟರ್ ಕನ್ನಡದಲ್ಲಿ. ಗಡಿಯಲ್ಲಿರುವವರ ಫೈಲು ಯಾವಾಗಲೂ ಹೀಗೇ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಡೆದುಬಂದದ್ದು, ಅದರ ಬಗ್ಗೆ ಈಗ ಮಾತಾಡಿ ಎಂತ ಮಾಡುವುದು. ಹಾಳಾದ ವಸ್ತುಗಳಷ್ಟಕ್ಕೆ ರಿಜಿಸ್ಟರಿನ ಪುಟಗಳನ್ನು ನಾನೇ ಮೂರು ರಾತ್ರಿ ಕೂತು ಇಂಗ್ಲಿಷಿಗೆ ಇಳಿಸಿದೆ. ಚೆನ್ನೆಮಣೆಗೆ ಬಂದಾಗ ತಡೆದೆ. 'ಎರಡು ಸಾಲಿನಲ್ಲಿ ಏಳೇಳು ಗುಂಡಿ ಇರುವ ಮರದ ಆಟದ ಮಣೆ' ಅಂತ ಬರೆದೆ. ಸರ್ವೇಯರ್ ಓದಿ, ಕೇರಂ ಬೋರ್ಡಿನ ಹಾಗಾ ಅಂತ ಕೇಳಿದರು. ಮಾಷ್ಟ್ರು ಮಣೆ ತಂದು ಎದುರು ಇಟ್ಟು, ಕಾಯಿ ಹಂಚಿ, ಒಂದು ಸುತ್ತು ಆಡಿಯೇ ತೋರಿಸಿದರು.

ಒಳ್ಳೆಯ ಮನುಷ್ಯ, ಆದರೆ ಕಣ್ಣು ಚುರುಕು. ಮೊದಲ ಆಕ್ಷೇಪ ಬೂಸಲಿನದ್ದು. "ಇಷ್ಟು ಬೂಸಲು ಒಂದು ರಾತ್ರಿಯ ನೀರಿಗೆ ಬರುವುದಿಲ್ಲ." ನಮ್ಮ ಊರಿನಲ್ಲಿ ಆಷಾಢದಲ್ಲಿ ಹೊಸ ಚಪ್ಪಲಿಗೂ ಬೂಸಲು ಬರುತ್ತದೆ ಅನ್ನುವುದು ಅವರಿಗೂ ಗೊತ್ತು. ನಿಧಾನವಾಗಿ ಹಾಳಾಗುವುದಕ್ಕೆ ಇನ್ಶೂರೆನ್ಸ್ ಇಲ್ಲ. ಬೂಸಲು, ಗೆದ್ದಲು, ತುಕ್ಕು, ಸವೆತ ಇವು ಯಾವುವೂ ಸೇರುವುದಿಲ್ಲ. ಇಲ್ಲಿ ಹಾಜರಿ ಪುಸ್ತಕ ಕೈ ಹಿಡಿಯಿತು. ಜೂನ್ ತಿಂಗಳ ಮೊದಲ ಭಾನುವಾರದ ಹಾಜರಿ ಅದರಲ್ಲಿತ್ತು, ಗೆಲ್ಲು ಬೀಳುವುದಕ್ಕೆ ಹತ್ತು ದಿನ ಸಹ ಮುಂಚೆ ಅಲ್ಲ. ಯಾವುದರ ಎದುರು ಟಿಪ್ಪಣಿ ಇಲ್ಲವೋ ಅದು ಆ ದಿನ ಸರಿಯಾಗಿತ್ತು ಅಂತ ಅರ್ಥ. ಎರಡು ಕುದುರೆಗಳ ಎದುರು ಮಾಷ್ಟ್ರೇ 'ಕಾಲಿನಲ್ಲಿ ಬೂಸಲು, ಒರೆಸಿದೆ' ಅಂತ ಬರೆದಿದ್ದರು. ಅದನ್ನೂ ನಾನು ಅನುವಾದದಲ್ಲಿ ಬಿಡಲಿಲ್ಲ. ಸರ್ವೇಯರ್ ಆ ಎರಡನ್ನು ಹೊಡೆದುಹಾಕಿದರು, ಉಳಿದ ಪುಟಗಳನ್ನು ನಂಬಿದರು. ತನ್ನ ವಿರುದ್ಧವೇ ಬರೆದುಕೊಂಡವನ ಪುಸ್ತಕ ಸುಳ್ಳಿರಲಿಕ್ಕಿಲ್ಲ ಅಂತ ಅವರಿಗೆ ಕಂಡಿರಬೇಕು.

ಇನ್ನೊಂದು ವಸ್ತು ಡಿಂಕಿ ಕಂಪನಿಯ ಒಂದು ಹಳೆಯ ಆಟಿಕೆ ಬಸ್ಸು, ಇಂಗ್ಲೆಂಡಿನದ್ದು. ಮಂಗಳೂರಿನ ಒಂದು ಹಳೆಯ ಮನೆಯ ಗುಜರಿಯಲ್ಲಿ ಸಿಕ್ಕಿದ್ದು. ಅದರ ಮೈತುಂಬ ಬಿರುಕು. ನೀರಿಗೆ ಹಾಗಾಯಿತು ಅಂತ ಮಾಷ್ಟ್ರು ನಂಬಿದ್ದರು. ಅದು ನೀರಿನ ಕೆಲಸವಲ್ಲ. ಆ ಕಾಲದ ಎರಕದ ಆಟಿಕೆಗಳು ಸತುವಿನ ಮಿಶ್ರಲೋಹದವು. ಅದರಲ್ಲಿ ಒಂದಿಷ್ಟು ಸೀಸ ಕಲಬೆರಕೆಯಾಗಿದ್ದರೆ ವರ್ಷಗಳು ಕಳೆದ ಹಾಗೆ ಲೋಹ ಒಳಗಿನಿಂದಲೇ ಉಬ್ಬಿ, ಬಿರಿದು, ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ. ನಮ್ಮ ಕಡೆಯ ತೇವದ ಹವೆ ಅದಕ್ಕೆ ಇನ್ನೂ ಅನುಕೂಲ. ಹುಟ್ಟಿನಿಂದಲೇ ಒಳಗಿದ್ದ ರೋಗ. ಇದಕ್ಕೆ ಯಾವ ಪಾಲಿಸಿಯೂ ದುಡ್ಡು ಕೊಡುವುದಿಲ್ಲ. ಮಾಷ್ಟ್ರಿಗೆ ದುಡ್ಡಿಗಿಂತ, ತನಗೆ ಗೊತ್ತೇ ಆಗಲಿಲ್ಲವಲ್ಲ ಅನ್ನುವುದೇ ಬೇಜಾರು.

ಪಟ್ಟಿಯಲ್ಲಿದ್ದ 41ರಲ್ಲಿ 17ಕ್ಕೆ ಹಾನಿಯಾಗಿತ್ತು. ಒಂಬತ್ತು ಪೂರ್ತಿ ಹೋಗಿದ್ದವು. ಅವಕ್ಕೆ ಒಪ್ಪಿದ ಬೆಲೆಯೇ ಸಿಕ್ಕಿತು, 62,500. ಚೌಕಾಸಿ ಇಲ್ಲ, ಹಳೆಯದಾಯಿತು ಅಂತ ಕಡಿತ ಇಲ್ಲ. ಉಳಿದ ಎಂಟರಲ್ಲಿ ಏಳಕ್ಕೆ ರಿಪೇರಿ ಖರ್ಚು, 18,000. ಈ ರಿಪೇರಿಯಲ್ಲಿ ಒಂದು ತಮಾಷೆ. ಸೂತ್ರದ ಬೊಂಬೆಯೊಂದರ ಕಿರೀಟ ಬಿಚ್ಚಿಹೋಗಿತ್ತು. ಆಚಾರಿ ಸರಿ ಮಾಡಿಕೊಟ್ಟ, ದುಡ್ಡು ಬೇಡವೇ ಬೇಡ ಅಂದ. "ಮಾಷ್ಟ್ರ ಹತ್ತಿರ ಎಂತ ದುಡ್ಡು?" ಆದರೆ ದುಡ್ಡು ತೆಗೆದುಕೊಳ್ಳದಿದ್ದರೆ ಬಿಲ್ಲಿಲ್ಲ, ಬಿಲ್ಲಿಲ್ಲದಿದ್ದರೆ ಕ್ಲೇಮಿಲ್ಲ. ಸುಮ್ನೆ ಒಂದು ಬಿಲ್ಲು ಬರೆದುಕೊಡು ಅಂದರೆ ಅದು ಸುಳ್ಳು ಬಿಲ್ಲಾಗುತ್ತದೆ, ನಾನು ಒಪ್ಪಲಿಲ್ಲ. ಕೊನೆಗೆ ಆ ಒಂದನ್ನು ಕ್ಲೇಮಿನಿಂದ ಬಿಟ್ಟೆವು. 18,000ದಲ್ಲಿ ಅದು ಸೇರಿಲ್ಲ.

ನೂರ ಎಪ್ಪತ್ತು ರೂಪಾಯಿಯ ಕಾರು

ಜಗಳ ಆದದ್ದು ಕಾರುಗಳ ಮೇಲೆ.

ಕಾರುಗಳು ಪಟ್ಟಿಯಲ್ಲಿ ಇರಲಿಲ್ಲ, ಮಂಚ ಕಪಾಟಿನ ಜೊತೆ ಸಾಮಾನಿನ ಲೆಕ್ಕದಲ್ಲಿದ್ದವು. ಸಾಮಾನಿಗೆ ಪರಿಹಾರ ಕೊಡುವ ರೀತಿ ಬೇರೆ. ರಿಪೇರಿ ಆಗುವುದಾದರೆ ರಿಪೇರಿ ಖರ್ಚು. ಪೂರ್ತಿ ಹೋದರೆ ಅದೇ ಬಗೆಯ ಹೊಸದನ್ನು ಕೊಳ್ಳುವ ಖರ್ಚು. ಫ್ರಿಜ್ಜಿಗೆ ಇದು ಬಹಳ ಒಳ್ಳೆಯ ನಿಯಮ. ಹತ್ತು ವರ್ಷ ಹಳೆಯ ಫ್ರಿಜ್ಜು ಹೋದರೆ ಹೊಸ ಫ್ರಿಜ್ಜಿನ ಬೆಲೆ ಸಿಗುತ್ತದೆ. ಚನ್ನಪಟ್ಟಣದ ಬೊಂಬೆಗೂ ಒಳ್ಳೆಯದೇ. ಅಂಥದ್ದೇ ಇವತ್ತೂ ಮಾಡುತ್ತಾರೆ, ಅಂಗಡಿಗೆ ಹೋದರೆ ಸಿಗುತ್ತದೆ. ಆದರೆ ಲಿಯೋ ಕಾರು?

ಒಣಗಿದ ಮೇಲೆ ನೋಡಿದರೆ ಕಾರುಗಳು ಹೆಚ್ಚಿನವು ಚೆನ್ನಾಗಿಯೇ ಇದ್ದವು. ಹೋದದ್ದು ಡಬ್ಬಿ. ಸರ್ವೇಯರ್ ಹೇಳಿದರು, ಡಬ್ಬಿ ಅಂದರೆ ಪ್ಯಾಕಿಂಗು, ಸಾಮಾನಲ್ಲ. ಬೆಲೆಬಾಳುವ ಡಬ್ಬಿ ಅನ್ನುವುದಾದರೆ ತೋರಿಸಿ. ತೋರಿಸಲು ಗೊಬ್ಬರದ ಗುಂಡಿಗೆ ಕರೆದುಕೊಂಡು ಹೋದೆವು. ಅವರು ಮೂಗು ಮುಚ್ಚಿಕೊಂಡು ಅದರದ್ದೂ ಒಂದು ಫೋಟೋ ತೆಗೆದರು. ವರದಿಯಲ್ಲಿ ಆ ಫೋಟೋ ಉಂಟು. ಹಟ್ಟಿಯ ಪಕ್ಕದ ಗುಂಡಿ, ಅದರಲ್ಲಿ ಬಾಳೆ ಎಲೆಯ ನಡುವೆ ಮ್ಯಾಚ್‌ಬಾಕ್ಸಿನ ನೀಲಿ ಹಳದಿ ಅಂಚು.

38 ಕಾರುಗಳ ಅಚ್ಚು ತುಕ್ಕು ಹಿಡಿದು ಚಕ್ರ ತಿರುಗುತ್ತಿರಲಿಲ್ಲ. ಇದು ಹಳೆಯ ತುಕ್ಕಲ್ಲ ಅಂತ ಹಾಜರಿ ಪುಸ್ತಕ ಹೇಳುತ್ತಿತ್ತು, ಒಪ್ಪಿದರು. ಈಗ ಬೆಲೆ. ಸರ್ವೇಯರ್ ಕಾಸರಗೋಡು ಪೇಟೆಯ ಆಟಿಕೆ ಅಂಗಡಿಯಲ್ಲಿ ವಿಚಾರಿಸಿದರು. ಅದೇ ಅಳತೆಯ ಹೊಸ ಲೋಹದ ಕಾರು, ಒಂದಕ್ಕೆ 170 ರೂಪಾಯಿ. 38 ಕಾರಿಗೆ 6,460.

ಮಾಷ್ಟ್ರು ಆ ಕಾಗದವನ್ನು ಎರಡು ಸಲ ಓದಿದರು. ಆ 38ರಲ್ಲಿ ಲಿಯೋ 22 ಇದ್ದವು. ಒಂದೊಂದಕ್ಕೆ ಸಾವಿರ, ಒಂದೂವರೆ ಸಾವಿರ ಕೊಟ್ಟು ಕೊಂಡವೂ ಇದ್ದವು. "ಇದು ಅದೇ ಬಗೆಯ ಕಾರಾ?" ಅಂತ ನನ್ನನ್ನು ಕೇಳಿದರು, ಶಾಂತವಾಗಿ. ಗಟ್ಟಿಯಾಗಿ ಬೈದಿದ್ದರೆ ಚೆನ್ನಾಗಿತ್ತು. ಪಟ್ಟಿ ಟೈಪ್ ಮಾಡುವವರು ಯಾರು ಅಂತ ನಾನು ಹೇಳಿದ್ದು ಅವರಿಗೆ ನೆನಪಿತ್ತು, ಎತ್ತಲಿಲ್ಲ. ಕಂಪನಿಯ ದೃಷ್ಟಿಯಿಂದ ನೋಡಿದರೆ ಅವರು ಮೋಸ ಮಾಡಲಿಲ್ಲ. ಕಾರು ಯಾವ ಹೆಸರಿನ ಕೆಳಗೆ ಕಾಗದಕ್ಕೆ ಹೋಗಿತ್ತೋ ಆ ಹೆಸರಿನ ಬೆಲೆ ಕೊಟ್ಟರು. ಸಾಮಾನು ಅಂತ ಹೋಗಿತ್ತು, ಸಾಮಾನಿನ ಬೆಲೆ ಬಂತು. ಅದನ್ನೇ ಬೆಲೆಬಾಳುವ ವಸ್ತು ಅಂತ 1,500ಕ್ಕೆ ಬರೆಸಿದ್ದರೆ 1,500 ಬರುತ್ತಿತ್ತು. ನಮ್ಮ 5 ಲಕ್ಷದ ಮಿತಿಯಲ್ಲಿ ಜಾಗವೂ ಧಾರಾಳ ಇತ್ತು.

ಆದರೂ ಒಂದು ವಾದ ಉಳಿದಿತ್ತು. 'ಅದೇ ಬಗೆಯ ಹೊಸದು' ಅಂದರೆ ಅದೇ ಬಗೆಯದು ಸಿಗಬೇಕಲ್ವಾ? ಈಗ ತಯಾರಾಗದೇ ಇರುವುದಕ್ಕೆ ಅಂಗಡಿಯ ಬೇರೆ ಕಾರನ್ನು ಹೋಲಿಸುವುದು ಹೇಗೆ? ಕಂಪನಿಯ ದೂರು ವಿಭಾಗಕ್ಕೆ ಇದನ್ನೇ ಬರೆದೆವು. ಬರೀ ವಾದಕ್ಕೆ ಬೆಲೆ ಇಲ್ಲ, ಕೈಯಲ್ಲಿ ಕಾಗದ ಬೇಕು. ಮಾಷ್ಟ್ರ ಬ್ಯಾಂಕಿನ ಪಾಸ್‌ಬುಕ್ಕು, ಮಗಳ ಫೋನಿನ ಗೂಗಲ್ ಪೇ, ಹಳೆಯ ಕೊರಿಯರ್ ಚೀಟಿ ಎಲ್ಲ ಕೆದಕಿದೆವು. ಬೆಂಗಳೂರಿನ ಒಬ್ಬ ಸಂಗ್ರಾಹಕರಿಂದ ಕೊಂಡ ಒಂಬತ್ತು ಲಿಯೋ ಕಾರಿಗೆ ದುಡ್ಡು ಕಳಿಸಿದ ಲೆಕ್ಕ ಸಿಕ್ಕಿತು, ಒಟ್ಟು 13,500. ಉಳಿದವು ಸಂತೆಯಲ್ಲಿ, ಸಂಚಿಯಲ್ಲಿ, ಕೈಯಿಂದ ಕೈಗೆ ಬಂದವು. ಇಪ್ಪತ್ತಾರು ದಿನಕ್ಕೆ ಉತ್ತರ ಬಂತು. ಆ ಒಂಬತ್ತಕ್ಕೆ ಕೊಂಡ ಬೆಲೆ ಕೊಡುತ್ತೇವೆ, ಮೊದಲು ಲೆಕ್ಕ ಹಾಕಿದ 1,530 ಕಳೆದು 11,970. ಬೇರೆಯವಕ್ಕೆ ಬದಲಾವಣೆ ಇಲ್ಲ.

ಮುಂದಿನ ಮೆಟ್ಟಿಲು, ಪಾಲಿಸಿ ಮಾಡಿಸಿದವರ ದೂರು ಕೇಳಿ ತೀರ್ಮಾನಿಸುವ ಇನ್ಶೂರೆನ್ಸ್ ಓಂಬುಡ್ಸ್‌ಮನ್. ಮಂಗಳೂರು ನಮಗೆ ಒಂದೂಕಾಲು ಗಂಟೆಯ ದಾರಿ, ಆದರೂ ಕೇರಳದ ಪಾಲಿಸಿಯ ದೂರು ಹೋಗಬೇಕಾದದ್ದು ಕೊಚ್ಚಿಗೆ. ದುಡ್ಡು ಕೊಡಬೇಕಾಗಿಲ್ಲ, ವಕೀಲರನ್ನು ಇಡುವ ಹಾಗೂ ಇಲ್ಲ. ಕಂಪನಿ ಇಲ್ಲ ಅಂದ ಮೇಲೆ, ಅಥವಾ ಒಂದು ತಿಂಗಳಲ್ಲಿ ಉತ್ತರವೇ ಕೊಡದಿದ್ದರೆ ಹೋಗಬಹುದು. ಇಲ್ಲ ಅಂದ ದಿನದಿಂದ ಒಂದು ವರ್ಷ ಟೈಮು. ನಾನು ಅರ್ಜಿ ಬರೆದು ಇಟ್ಟೆ. ಮಾಷ್ಟ್ರು ಸಹಿ ಹಾಕಲಿಲ್ಲ. ಕಾಗದ ಇಲ್ಲದ ಕಾರಿಗೆ ಅಲ್ಲಿ ಹೋಗಿ ಏನು ತೋರಿಸಲಿ ಅಂದರು. ನನಗೂ ಹಾಗೇ ಅನಿಸಿತು. ಹಾಕಿದ್ದರೆ ಸಿಗುತ್ತಿತ್ತು ಅನ್ನುವವರು ಊರಿನಲ್ಲಿ ಇಬ್ಬರಿದ್ದಾರೆ, ಅವರು ಇನ್ನೂ ಹೇಳುತ್ತಲೇ ಇದ್ದಾರೆ.

ಮಾಡಿನ ರಿಪೇರಿಗೆ 46,000, ಕಪಾಟಿಗೆ 14,000 ಯಾವ ತಕರಾರೂ ಇಲ್ಲದೆ ಬಂತು. ಎಲ್ಲ ಕೂಡಿಸಿ 1,58,930. ವರ್ಷಕ್ಕೆ ಜಿಎಸ್‌ಟಿ ಸೇರಿ ಎರಡೂವರೆ ಸಾವಿರದೊಳಗಿನ ಪ್ರೀಮಿಯಂಗೆ ಇದು ದೊಡ್ಡ ಮೊತ್ತವೇ. ಆದರೆ ಮಾಷ್ಟ್ರ ಎದುರು ಹಾಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಈ ವರ್ಷದ ಪಟ್ಟಿ

ರಿನ್ಯೂವಲ್ಲಿಗೆ ಮುಂಚೆ ಎರಡು ಭಾನುವಾರ ನಾನು ಅಲ್ಲಿಗೇ ಹೋಗಿ ಕೂತೆ, ಲ್ಯಾಪ್‌ಟಾಪ್ ತೆಗೆದುಕೊಂಡು. ಎಲ್ಲವನ್ನೂ ಸೇರಿಸುವ ಹುಚ್ಚು ಮಾಡಲಿಲ್ಲ. ಒಂದೊಂದನ್ನೇ ಎತ್ತಿ ಒಂದೇ ಪ್ರಶ್ನೆ ಕೇಳಿದೆವು: ಇದು ಹೋದರೆ ಇಂಥದ್ದೇ ಅಂಗಡಿಯಲ್ಲಿ ಸಿಗುತ್ತದಾ? ಸಿಗುತ್ತದೆ ಅಂತಾದರೆ ಸಾಮಾನಿನ ಲೆಕ್ಕ. ಚನ್ನಪಟ್ಟಣದ್ದು ಹೆಚ್ಚಿನದು ಆ ಕಡೆ ಹೋಯಿತು. ಸಿಗುವುದಿಲ್ಲ, ಆದರೆ ಕೊಳ್ಳುವವರು ಇದ್ದಾರೆ ಅಂತಾದರೆ ಪಟ್ಟಿಗೆ. ಬಿಲ್ಲಿಲ್ಲದ ಲಿಯೋ ಕಾರುಗಳಿಗೆ ಅದೇ ಬೆಂಗಳೂರಿನ ಸಂಗ್ರಾಹಕರಿಂದ ಇವತ್ತಿನ ಬೆಲೆ ಬರೆಸಿ ತರಿಸಿದೆವು. ಕಂಪನಿಯವರು ನಾಲ್ಕು ಕಾರಿನ ಬೆಲೆ ಇಳಿಸಿದರು, ಉಳಿದದ್ದನ್ನು ಒಪ್ಪಿದರು. ಅಳಿದುಳಿದ ಡಬ್ಬಿಗಳಿಗೆ ಪಟ್ಟಿಯಲ್ಲಿ ಬೇರೆಯೇ ಸಾಲು, 'ಡಬ್ಬಿ ಸಹಿತ' ಅಂತ. ಈಗ ಪಟ್ಟಿಯಲ್ಲಿ 118 ವಸ್ತು, ಒಟ್ಟು 4,10,000.

ಸೂತ್ರದ ಬೊಂಬೆಗಳನ್ನು ಶಾಲೆಯ ಪ್ರದರ್ಶನಕ್ಕೆ ಒಯ್ಯುವ ಅಭ್ಯಾಸ ಮಾಷ್ಟ್ರಿಗೆ ಉಂಟು. ನಮ್ಮ ಪಾಲಿಸಿ ಮನೆಯೊಳಗಿನ ವಸ್ತುವಿಗೆ ಮಾತ್ರ, ದಾರಿಯಲ್ಲಿ ಏನಾದರೂ ಆದರೆ ಅದಕ್ಕೆ ಬೇರೆ ವ್ಯವಸ್ಥೆ ಬೇಕು ಅಂದೆ. "ಹಾಗಾದರೆ ಮಕ್ಕಳನ್ನೇ ಇಲ್ಲಿಗೆ ಕರೆದುಕೊಂಡು ಬರಲಿ" ಅಂದರು. ಕಳೆದ ತಿಂಗಳು ಒಂದು ಜೀಪಿನಲ್ಲಿ ಹದಿನಾರು ಮಕ್ಕಳು ಬಂದಿದ್ದರು. ಆ ತಿಂಗಳ ಹಾಜರಿಯಲ್ಲಿ ಗೈರು ಎರಡು.

ಹಾಳೆ ಬಂಡಿಗಳ ಸರದಿ ಬಂದಾಗ ನಾನು ಟೈಪ್ ಮಾಡುವುದು ನಿಲ್ಲಿಸಿದೆ. ನೀರಿಗೆ ಮೂರು ಬಂಡಿ ಹೋಗಿದ್ದವು. ಸರ್ವೇಯರ್ ಅದರ ಎದುರು ಸೊನ್ನೆ ಬರೆದಿದ್ದರು. ಅವು ಮಾಷ್ಟ್ರ ಅಪ್ಪ ಮಾಡಿಕೊಟ್ಟದ್ದು. ಇದಕ್ಕೆ ಏನು ಬರೆಯೋಣ ಅಂತ ಕೇಳಿದೆ, ಸ್ವಲ್ಪ ಅಳುಕಿನಿಂದಲೇ. ಮಾಷ್ಟ್ರು ಕನ್ನಡಕ ಮೇಲೆ ಮಾಡಿ, ಕಿಟಕಿಯಿಂದ ಹೊರಗೆ ತೋಟದ ಕಡೆ ನೋಡಿದರು.

"ಅದಕ್ಕೆಂತ ಪಟ್ಟಿ? ಅದೇ ಬಗೆಯ ಹೊಸದು ಅಲ್ವಾ ಬೇಕಾದದ್ದು? ಹಾಳೆ ಅಲ್ಲಿ ಬಿದ್ದೇ ಉಂಟು. ಬರುವಾಗ ಎರಡು ತೆಗೆದುಕೊಂಡು ಬಾ."